ಆಡಿದ ಮಾತು, ಅಚ್ಚಾದ ಮಾತು

ಸಭೆಯಲ್ಲಿ ಮುಖಂಡರು ಆಡುವ ಮಾತೊಂದು. ಮರುದಿನ ಪತ್ರಿಕೆಯಲ್ಲಿ ಅಚ್ಚಾಗುವ ಮಾತು ಇನ್ನೊಂದು. ಮೂರನೆಯ ದಿನ “ನಮ್ಮ ಮಾತನ್ನು ತಿರುಚಲಾಗಿದೆ” ಎಂಬ ಹೇಳಿಕೆ. ನಾಲ್ಕನೆಯ ದಿನ ಬರಬೇಕಾದ ತಿದ್ದುಪಡಿಯು ಮಾತ್ರ ಬರುವುದೇ ಅಪೂರ್ವ. ಬಂದರೂ ಒಳಪುಟದ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕಾದ ಸಣ್ಣ ಅಕ್ಷರಗಳಲ್ಲಿ.

ಇದು ಮುಖಂಡರ ಮಾನಾಪಮಾನದ ವಿಷಯ ಮಾತ್ರವೆಂದು ವಾಚಕರು ಭಾವಿಸಬಾರದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗ್ರಾಮಗಳು ಶರಾವತಿಯಲ್ಲಿ ಮುಳುಗಿದವು. ಮನೆಮಾರು ಕಳೆದುಕೊಂಡವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಕಾದಿರುವರು. ಮಂತ್ರಿಗಳು “ಹಕ್ಕುಪತ್ರ ಕೊಡಲು ಯತ್ನಿಸುವೆವು” ಎಂದುದನ್ನು ಪತ್ರಿಕೆಯು “ಕೊಡುವೆವು” ಎಂದು ಅಚ್ಚುಹಾಕಿದರೆ, ನಂಬಿದ ರೈತನು ಒಂದು ದಿನದ ಕೆಲಸ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗಿ ಬರಿಗೈಯಲ್ಲಿ ಮರಳುವನು. ಒಂದು ಕ್ರಿಯಾಪದದ ವ್ಯತ್ಯಾಸಕ್ಕೆ ಬಡವನು ತೆರುವ ದಂಡವಿದು.

ಹಾಗೆಂದು ದೋಷವೆಲ್ಲವೂ ಪತ್ರಿಕೆಗಳದಲ್ಲ. ಬೆಂಗಳೂರಿನಲ್ಲಿ ಯುವಕನೊಬ್ಬನು ಉರ್ದು ಬಾರದ ಕಾರಣಕ್ಕೆ ಕೊಲೆಯಾದನೆಂದು, ತೀರ್ಥಹಳ್ಳಿಯಿಂದ ಆರಿಸಿಹೋಗಿ ಆಗ ಗೃಹಮಂತ್ರಿಗಳಾಗಿದ್ದ ಶ್ರೀ ಆರಗ ಜ್ಞಾನೇಂದ್ರರು 2022ರ ಏಪ್ರಿಲ್‌ನಲ್ಲಿ ಹೇಳಿದರು. ಬೈಕುಗಳು ತಾಗಿದ್ದರಿಂದ ಹುಟ್ಟಿದ ಜಗಳವೆಂದು ಪೊಲೀಸರು ತಿಳಿಸಿದರು. ಮಂತ್ರಿಗಳು ಅದೇ ದಿನ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಹಿಂತೆಗೆದುದು ಸರಿಯೇ, ಆದರೆ ಅಷ್ಟರಲ್ಲಿ ಮೊದಲ ಮಾತು ರಾಜ್ಯವನ್ನೆಲ್ಲ ಸುತ್ತಿತ್ತು. ಇಲ್ಲಿ ಪತ್ರಿಕೆಗಳು ಆಡಿದ್ದನ್ನೇ ಅಚ್ಚುಹಾಕಿದ್ದವು.

ಈಗ ಯಂತ್ರಗಳೂ ಈ ತಪ್ಪಿಗೆ ಪಾಲುದಾರರಾಗಿವೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರ ಮರಣಕ್ಕೆ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರ ಕಡೆಯಿಂದ ಪ್ರಕಟವಾದ ಕನ್ನಡ ಸಂದೇಶವನ್ನು ಮೆಟಾ ಸಂಸ್ಥೆಯ ಯಂತ್ರವು ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರೆಂಬ ಅರ್ಥ ಬರಿಸಿತು! ಅವರು ಆಕ್ಷೇಪಿಸಿದರು, ಸಂಸ್ಥೆಯು ಕ್ಷಮೆ ಕೇಳಿ ತಿದ್ದಿಕೊಂಡಿತು. ಮುಖ್ಯಮಂತ್ರಿಗಳ ಆಕ್ಷೇಪಕ್ಕೆ ಉತ್ತರ ಬಂದಿತು. ಹೊಸನಗರದ ಪಂಚಾಯಿತಿ ಸದಸ್ಯರೊಬ್ಬರ ಆಕ್ಷೇಪಕ್ಕೆ ಬರುವುದೇ?

1978ರ ಕಾಯಿದೆಯಿಂದಾದ ಭಾರತೀಯ ಪತ್ರಿಕಾ ಮಂಡಲಿಯ ನಿಯಮಗಳು, ತಪ್ಪು ಕಂಡೊಡನೆ ತಕ್ಕ ಪ್ರಾಧಾನ್ಯದೊಂದಿಗೆ ತಿದ್ದಬೇಕೆನ್ನುತ್ತವೆ. ಆದರೆ ಮಂಡಲಿಯು ಎಚ್ಚರಿಸಬಲ್ಲದು, ಖಂಡಿಸಬಲ್ಲದು; ದಂಡ ವಿಧಿಸಲಾರದು. ದಂಡಾಧಿಕಾರವನ್ನು ಸರಕಾರದ ಕೈಗೆ ಕೊಡಬೇಕೆಂದು ನಾವು ಹೇಳೆವು. ಅದು ರೋಗಕ್ಕಿಂತ ಕ್ರೂರವಾದ ಔಷಧ. ಉಳಿದಿರುವುದು ನಮ್ಮ ಆತ್ಮಸಾಕ್ಷಿಯೊಂದೇ.

ಆದಕಾರಣ ನಮ್ಮ ಸಹೋದ್ಯೋಗಿಗಳಲ್ಲಿ ವಿಜ್ಞಾಪನೆ ಇಷ್ಟೇ: ತಪ್ಪು ಯಾವ ಪುಟದಲ್ಲಿ ಬಂದಿತೋ ಅದೇ ಪುಟದಲ್ಲಿ ತಿದ್ದುಪಡಿಯೂ ಬರಲಿ. ಮುಖಂಡರಲ್ಲಿಯೂ ಒಂದು ಮಾತು: ತಿರುಚಲಾಗಿದೆ ಎನ್ನುವವರು ಯಾವ ಪದವನ್ನು ತಿರುಚಲಾಯಿತೆಂದು ತೋರಿಸಲಿ, ತೋರಿಸಲಾರದವರು ನಾಲಗೆ ಜಾರಿತೆಂದು ಒಪ್ಪಲಿ. ಈ ಪತ್ರಿಕೆಯ ತಪ್ಪನ್ನು ತೋರಿಸಿಕೊಡುವ ವಾಚಕರಿಗೆ ನಾವು ಋಣಿಗಳು. ತಪ್ಪೊಪ್ಪಿದರೆ ಪತ್ರಿಕೆಯ ಮಾನ ಹೋಗುವುದಿಲ್ಲ. ಮುಚ್ಚಿಟ್ಟರೆ ಉಳಿಯುವುದೂ ಇಲ್ಲ.