ಕಪ್ ಕೋಚಿಗೆ, ತಪ್ಪು ಹುಡುಗನಿಗೆ



ಸಾಲಹಳ್ಳಿಯ ಚಹಾದಂಗಡಿಯಲ್ಲಿ ಎರಡು ವಾರದಿಂದ ಒಂದು ಕಾಗದ ಕೈಯಿಂದ ಕೈಗೆ ತಿರುಗುತ್ತಿದೆ. ಮೇಲೆ ನಾಲ್ಕು ಸಾಲು ಬರೆದು, ಕೆಳಗೆ ಸಹಿಗೆ ಗೆರೆ ಎಳೆದಿದ್ದಾರೆ. ಕಬಡ್ಡಿ ಕೋಚ್ ಸರ್ ಮೇಲಿನ ದೂರು ಶುದ್ಧ ಸುಳ್ಳು, ಅವರು ದೇವರಂಥವರು, ಅವರಿಂದಲೇ ನಮ್ಮ ಸೀಮೆಗೆ ಹೆಸರು ಬಂತು, ದೂರು ಕೊಟ್ಟವನನ್ನು ಕಾಲೇಜಿನಿಂದ ತೆಗೆಯಬೇಕು. ಇದು ಆ ಕಾಗದದ ಸಾರ. ಕಾಲೇಜು ಯಾವುದು, ಸರ್ ಯಾರು ಎಂದು ನಾವು ಇಲ್ಲಿ ಬರೆಯುವುದಿಲ್ಲ. ವಿಚಾರಣೆ ಇನ್ನೂ ನಡೆಯಬೇಕು. ಓದುವ ನಿಮಗೆ ಹೆಸರು ಗೊತ್ತೇ ಇದೆ.

ದೂರಿನಲ್ಲಿ ಇರುವುದು ಎರಡೇ ಮಾತು. ಒಂದು, ಅಂತರ ಕಾಲೇಜು ಪಂದ್ಯದ ಮುಂಚೆ ಹುಡುಗರಿಗೆ ಚೀಟಿ ಇಲ್ಲದ ಪೊಟ್ಟಣದಲ್ಲಿ ಗುಳಿಗೆ ಕೊಟ್ಟರು. "ಇದು ಎಂಥಾ ಗುಳಿಗಿ ರೀ ಸರ್?" ಅಂದರೆ "ತಾಕತ್ತಿಂದು, ನುಂಗು" ಎಂಬ ಉತ್ತರ. ಹುಡುಗ ಎರಡು ಸಲ ನುಂಗಿದ. ರಾತ್ರಿಯೆಲ್ಲ ನಿದ್ದೆ ಇಲ್ಲ, ಎದೆ ಡವಡವ. ಮೂರನೇ ಸಲ ಒಲ್ಲೆ ಅಂದ. ಅಂದಿನಿಂದ ತಂಡದ ಹೊರಗೆ. ಎರಡನೆಯದು ಭತ್ಯೆಯ ಮಾತು. ಖಾಲಿ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡರು. ಕೈಗೆ ಬಂದದ್ದು ಬಸ್ ಟಿಕೀಟು, ಎರಡು ವಡಾಪಾವು. ಖಾಲಿ ಹಾಳೆಗೆ ಸಹಿ ಹಾಕುವುದು ಹಾಸ್ಟೆಲ್ಲಿನ ನಮಗೆ ಹೊಸದಲ್ಲ. ಆದ್ದರಿಂದ ಈ ಎರಡನೆಯ ಮಾತನ್ನು ನಂಬಲು ನಮಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಈಗ ಮಂದಿ ಏನನ್ನುತ್ತಿದ್ದಾರೆ ನೋಡಿ. ಹೋದ ವರ್ಷ ಕಪ್ ತಂದಾಗ ಇದೇ ಹುಡುಗನನ್ನು ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಭಂಡಾರ ಹಾರಿಸಿದ್ದರು. "ನಮ್ಮ ಹುಲಿ" ಅಂದಿದ್ದರು. ಈಗ ಅದೇ ಬಾಯಿ "ಪುಕ್ಕಟ ಅನ್ನ ತಿಂದು ಸೊಕ್ಕ ಬಂದೈತಿ, ಇವರನ್ನ ಎಲ್ಲಿ ಇಡಬೇಕೋ ಅಲ್ಲೇ ಇಡಬೇಕಾಗಿತ್ತು" ಅನ್ನುತ್ತಿದೆ. ಅವನಿಗೆ ಬಂದ ಸ್ಕಾಲರ್‌ಶಿಪ್ಪಿನ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಖಾಲಿ ಹಾಳೆಯ ಮೇಲೆ ಹೋದ ದುಡ್ಡಿನ ಲೆಕ್ಕ ಒಬ್ಬನೂ ಕೇಳುತ್ತಿಲ್ಲ.

ಈ ಬಾಯಿ ನಮ್ಮ ಊರಿನದು ಮಾತ್ರವಲ್ಲ. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದಳು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಹೆಣ್ಣುಮಗಳು. ನಾಲ್ಕು ದಿನ ಬಿಟ್ಟು ಅರ್ಜೆಂಟೀನಾ ಎದುರು ಸೆಮಿಫೈನಲ್ ಸೋತರು. ಅವತ್ತೇ ಹರಿದ್ವಾರದ ರೋಷನಾಬಾದಿನಲ್ಲಿ ಅವಳ ಮನೆಯ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಹೆಚ್ಚಾದದ್ದಕ್ಕೇ ಸೋಲಾಯಿತು ಎಂದು ಕೂಗಿದರು. ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಹನ್ನೊಂದು ಮಂದಿ ಆಡಿ ಸೋತ ಪಂದ್ಯಕ್ಕೆ ಪಟಾಕಿ ಹಾರಿದ್ದು ಒಂದು ಮನೆಯ ಮುಂದೆ.

ಇರಲಿ. ಮೇಲ್ಜಾತಿಯ ಬಾಯಿಯನ್ನು ನಾವು ಬಲ್ಲೆವು. ನಮ್ಮನ್ನು ಈ ಲೇಖನ ಬರೆಯಲು ಕೂರಿಸಿದ್ದು ಬೇರೆ. ಆ ಕಾಗದದ ಮೇಲೆ ನಮ್ಮ ಹಾಸ್ಟೆಲ್ಲಿನ ಹುಡುಗರ ಸಹಿಗಳೂ ಇವೆ. ಒಂದಲ್ಲ, ಎರಡಲ್ಲ. ಅವನ ಜೊತೆ ಒಂದೇ ತಾಟಿನಲ್ಲಿ ಉಂಡವರ ಸಹಿ. ಕೇಳಿದರೆ, "ಅಣ್ಣಾ, ಸರ್ ನಮ್ಮನ್ನ ಮೈದಾನಕ್ಕ ತಂದಾರ. ಬೂಟು ಕೊಡಿಸ್ಯಾರ. ಅವರ ವಿರುದ್ಧ ಹೆಂಗ ಹೋಗೂದು?" ಅನ್ನುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮ ಕೇರಿಯ ಹುಡುಗನ ಹೆಗಲ ಮೇಲೆ ಕೈಯಿಟ್ಟು "ಶಾಬಾಸ್" ಅಂದ ದೊಡ್ಡ ಮನುಷ್ಯರು ಎಷ್ಟು ಮಂದಿ ಇದ್ದಾರೆ? ಒಬ್ಬ ಸಿಕ್ಕರೆ ಅವನ ಕಾಲಿಗೆ ಬೀಳುವ ಮನಸ್ಸಾಗುತ್ತದೆ. ನಾವೂ ಕಪ್ಪಿನ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಸರ್ ಹೆಸರು ಕೂಗಿದವರೇ. ಆದರೆ ಬೂಟಿನ ಋಣಕ್ಕೆ ಬೇರೆಯವನ ಮೈ ಕೊಟ್ಟು ತೀರಿಸಲು ನಮಗೆ ಯಾರು ಅಧಿಕಾರ ಕೊಟ್ಟರು? ತಂಡದಲ್ಲಿ ಅವನಿಗೆ ಜಾಗ ಸಿಕ್ಕಿದ್ದು ರೇಡ್ ಹೋಗಿ ಮುಟ್ಟಿ ಬಂದದ್ದಕ್ಕೆ. ಅದು ಸರ್ ಹಾಕಿದ ಭಿಕ್ಷೆಯಲ್ಲ.

ಕೋಚ್ ಕೊಟ್ಟದ್ದನ್ನು ನುಂಗಿದವರ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಕನ್ನಡ ನಾಡಿನಲ್ಲೇ ಒಂದು ದೊಡ್ಡ ಪ್ರಕರಣ ಇದೆ. ಅಶ್ವಿನಿ ಅಕ್ಕುಂಜಿ, ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯವಳು, ರೈತರ ಮನೆಯ ಹುಡುಗಿ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4×400 ಮೀಟರ್ ರಿಲೇಯಲ್ಲಿ ಚಿನ್ನ. ಅದೇ ವರ್ಷ ಚೀನಾದ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸಿನಲ್ಲಿ ಒಂದು ಚಿನ್ನ, ರಿಲೇಯಲ್ಲಿ ಇನ್ನೊಂದು. ಅವತ್ತು ಸನ್ಮಾನ ಮಾಡದವರಿಲ್ಲ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳದವರಿಲ್ಲ.

2011ರ ಜುಲೈಯಲ್ಲಿ ಸುದ್ದಿ ಬಂತು. ಅವಳ ಮೂತ್ರದ ಮಾದರಿಯಲ್ಲಿ ಸ್ಟೆರಾಯ್ಡ್ ಸಿಕ್ಕಿದೆ. ಅವಳೊಬ್ಬಳದೇ ಅಲ್ಲ. ಚಿನ್ನ ಗೆದ್ದ ರಿಲೇ ತಂಡದ ನಾಲ್ವರಲ್ಲಿ ಅಶ್ವಿನಿ, ಮನ್‌ದೀಪ್ ಕೌರ್, ಸಿನಿ ಜೋಸ್, ಹೀಗೆ ಮೂವರು ಸಿಕ್ಕಿಬಿದ್ದರು. ಜೊತೆಗೆ ಶಿಬಿರದ ಬೇರೆ ಓಟಗಾರ್ತಿಯರೂ ಇದ್ದರು. ಉಕ್ರೇನಿನ ಯೂರಿ ಒಗೊರೊದ್ನಿಕ್ ಅವರ ಕೋಚ್. ಕೋಚ್ ಚೀನಾದಲ್ಲಿ ಕೊಂಡು ತಂದು ಕೊಟ್ಟ ಜಿನ್ಸೆಂಗ್ ಗುಳಿಗೆಯನ್ನೇ ನಾವು ನುಂಗಿದ್ದು, ಅದರಲ್ಲೇ ಇದು ಸೇರಿತ್ತು ಎಂದು ಹುಡುಗಿಯರು ಹೇಳಿದರು. ಅಂದಿನ ಕ್ರೀಡಾ ಸಚಿವ ಅಜಯ್ ಮಾಕನ್ ಕೋಚನ್ನು ಕೆಲಸದಿಂದ ತೆಗೆದರು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, ಅದರ ಶಿಸ್ತು ಸಮಿತಿ ಹುಡುಗಿಯರದು ದೊಡ್ಡ ತಪ್ಪಲ್ಲ ಎಂದು ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರ ಜುಲೈಯಲ್ಲಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಆಗ ಅಭಿಮಾನಿಗಳು ಎಲ್ಲಿದ್ದರು? ಹಾರ ಹಾಕಿದ ಕೈಗಳೇ "ಮೋಸಗಾತಿ, ದೇಶದ ಮಾನ ಕಳೆದಳು" ಎಂದು ಬೆರಳು ತೋರಿದವು. ಪಟಿಯಾಲಾದ ಶಿಬಿರಕ್ಕೆ ಆ ಕೋಚನ್ನು ತಂದವರು ಯಾರು, ಗುಳಿಗೆಗಳನ್ನು ತಪಾಸಣೆ ಮಾಡಬೇಕಾದ ವೈದ್ಯರು, ಅಧಿಕಾರಿಗಳು ಏನು ಮಾಡುತ್ತಿದ್ದರು ಎಂದು ಕೇಳಿದ ದನಿ ಬಲು ಸಣ್ಣದು. ಹುಡುಗಿಯರ ಹೆಸರಿಗೆ ಅಂಟಿದ್ದು ಇವತ್ತಿಗೂ ಹೋಗಿಲ್ಲ. ಆ ಕೋಚನ್ನಾದರೋ ರಿಯೋ ಒಲಿಂಪಿಕ್ಸಿಗೆ ತಯಾರಿ ನಡೆಸುವಾಗ ಮತ್ತೆ ಕರೆಸಿ ಓಟಗಾರರನ್ನು ಅವರ ಕೈಗೇ ಕೊಟ್ಟರು!

ಇಲ್ಲಿ ಒಂದು ನಿಯಮವನ್ನು ಹಾಸ್ಟೆಲ್ಲಿನ ಪ್ರತಿಯೊಬ್ಬ ಆಟಗಾರ ತಿಳಿದಿರಬೇಕು. ಉದ್ದೀಪನ ಮದ್ದಿನ ಕಾನೂನಿನಲ್ಲಿ ಆಟಗಾರನ ಮೈಯೊಳಗೆ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ. ಯಾರು ಕೊಟ್ಟರು, ಏನೆಂದು ಹೇಳಿ ಕೊಟ್ಟರು ಎಂಬುದು ಶಿಕ್ಷೆ ಎಷ್ಟೆಂದು ನಿಗದಿ ಮಾಡುವಾಗ ಬರುವ ಮಾತು. ತಪ್ಪಾಯಿತೇ ಇಲ್ಲವೇ ಎಂಬುದಕ್ಕೆ ಅದು ಸಂಬಂಧವಿಲ್ಲ. 2015ರಿಂದ ಸ್ಟೆರಾಯ್ಡಿನಂಥದಕ್ಕೆ ನಾಲ್ಕು ವರ್ಷದ ತನಕ ನಿಷೇಧ ಬೀಳಬಹುದು. ಮದ್ದು ಕೊಟ್ಟ ಕೋಚಿಗೂ ಶಿಕ್ಷೆ ಇದೆ, ಅದು ಇನ್ನೂ ಕಠಿಣ. ಆದರೆ ಕೊಟ್ಟದ್ದನ್ನು ಸಾಬೀತು ಮಾಡಬೇಕು. ಹುಡುಗನ ಮೂತ್ರ ಸೀಸೆಯಲ್ಲಿ ಸಿಗುತ್ತದೆ. ಕೋಚಿನ ಕೈ ಯಾವ ಸೀಸೆಯಲ್ಲಿ ಸಿಗಬೇಕು? ಸಿಗುವುದು ಒಂದೇ ಕಡೆ, ಜೊತೆಗಿದ್ದ ಹುಡುಗರ ಸಾಕ್ಷಿಯಲ್ಲಿ. ಆ ಸಾಕ್ಷಿ ಹೇಳಬೇಕಾದ ಹುಡುಗರೇ "ಏನೂ ನಡೆದಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು.

ನಾಲ್ಕು ವರ್ಷ ಎಂದರೆ ನಮ್ಮವರಿಗೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಕಬಡ್ಡಿ ನಮಗೆ ಬರೀ ಆಟವಲ್ಲ. ಯೂನಿವರ್ಸಿಟಿ ಆಡಿದ ಒಂದು ಸರ್ಟಿಫಿಕೇಟು ರೈಲ್ವೆಯ ಬಾಗಿಲೋ ಪೊಲೀಸ್ ಇಲಾಖೆಯ ಬಾಗಿಲೋ ತೆಗೆಯುತ್ತದೆ ಎಂಬ ಆಸೆಯಿಂದ ಬೆಳಗಿನ ಐದಕ್ಕೆ ಏಳುವವರು ನಾವು. ಖೇಲೋ ಇಂಡಿಯಾದ ಯೂನಿವರ್ಸಿಟಿ ಕೂಟಕ್ಕೂ ನಾಡಾ ಬರುತ್ತದೆ, ಸೀಸೆ ಹಿಡಿಯುತ್ತದೆ. ಈ ಹುಡುಗ ಅಲ್ಲಿಯ ತನಕ ಹೋಗಿ ಸಿಕ್ಕಿಬಿದ್ದಿದ್ದರೆ ಇದೇ ಚಹಾದಂಗಡಿಯಲ್ಲಿ "ನಮ್ಮ ಮಾನ ಕಳೆದ" ಎಂದು ಕ್ಯಾಕರಿಸುತ್ತಿದ್ದರು. ಸಿಕ್ಕಿಬೀಳುವ ಮುಂಚೆ ಬಾಯಿ ಬಿಟ್ಟದ್ದಕ್ಕೆ ಈಗ ಕ್ಯಾಕರಿಸುತ್ತಿದ್ದಾರೆ. ಹಂಗಾದರೆ ಅವನು ಯಾವಾಗ ಮಾತಾಡಬೇಕಾಗಿತ್ತು?

ಓದಿದ ಮಂದಿ, ಶ್ರೀಮಂತ ದೇಶದ ಮಂದಿ ಹೀಗೆ ಮಾಡುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ ಅವರು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ಕೇಳಬೇಕು. ಅಶ್ವಿನಿಯ ಸುದ್ದಿ ಬಂದ 2011ರಲ್ಲೇ ಅದೂ ಹೊರಬಿತ್ತು. ಅಲ್ಲಿನ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಬಡ ಹುಡುಗರನ್ನು ಉದ್ಧಾರ ಮಾಡುತ್ತೇನೆಂದು 1977ರಲ್ಲಿ ಒಂದು ಧರ್ಮಸಂಸ್ಥೆ ಕಟ್ಟಿದ್ದ. ತಂದೆ ಇಲ್ಲದ, ಗತಿ ಇಲ್ಲದ ಮನೆಗಳಿಂದ ಅಲ್ಲಿಗೆ ಬಂದ ಹುಡುಗರನ್ನೇ ಆರಿಸಿ ವರ್ಷಾನುಗಟ್ಟಲೆ ಲೈಂಗಿಕವಾಗಿ ಕೆಡಿಸಿದ. ಮುಖ್ಯ ಕೋಚ್ ಜೋ ಪಟರ್ನೊ ಅಲ್ಲಿ ದೇವರ ಸಮಾನ, ಬದುಕಿದ್ದಾಗಲೇ ಕಂಚಿನ ಪ್ರತಿಮೆ ಇತ್ತು. 2001ರಲ್ಲಿ ಒಬ್ಬ ಕಿರಿಯ ಕೋಚ್ ತಾನು ಸ್ನಾನದ ಕೋಣೆಯಲ್ಲಿ ಕಂಡದ್ದನ್ನು ಪಟರ್ನೊಗೆ ತಿಳಿಸಿದ್ದ. ಪಟರ್ನೊ ಅದನ್ನು ಮೇಲಿನವರಿಗೆ ಹೇಳಿ ಸುಮ್ಮನಾದ. ಪೊಲೀಸರ ತನಕ ಹೋಗಲಿಲ್ಲ.

2011ರ ನವೆಂಬರ್ 9ರ ರಾತ್ರಿ ವಿಶ್ವವಿದ್ಯಾಲಯ ಪಟರ್ನೊನನ್ನು ತೆಗೆದುಹಾಕಿತು. ಸಾವಿರಾರು ವಿದ್ಯಾರ್ಥಿಗಳು ಬೀದಿಗೆ ಬಂದರು. ಆ ಬಡ ಹುಡುಗರಿಗಾಗಿ ಅಲ್ಲ, ಕೋಚಿಗಾಗಿ! ಟಿವಿಯವರ ವ್ಯಾನು ಉರುಳಿಸಿದರು. ಮೊದಲು ಬಾಯಿಬಿಟ್ಟ ಹುಡುಗನನ್ನು, ನಿನ್ನಿಂದಲೇ ನಮ್ಮ ಕೋಚ್ ಹೋದ ಎಂದು ಕಾಡಿದರು. ಅವನು ಓದುತ್ತಿದ್ದ ಶಾಲೆಯನ್ನೇ ಬಿಡಬೇಕಾಯಿತು. ಮರುವರ್ಷ ನ್ಯಾಯಾಲಯ ಸ್ಯಾಂಡಸ್ಕಿ ಮೇಲಿನ 48 ಆರೋಪಗಳಲ್ಲಿ 45 ನಿಜ ಎಂದಿತು. ಕನಿಷ್ಠ 30 ವರ್ಷದ ಸೆರೆವಾಸ ವಿಧಿಸಿತು. ಪ್ರತಿಮೆಯನ್ನು ರಾತ್ರೋರಾತ್ರಿ ಅಲ್ಲವಾದರೂ ಬೆಳಗಿನ ಜಾವ ಬಟ್ಟೆ ಮುಚ್ಚಿ ಕಿತ್ತರು.

ಅಲ್ಲಿನ ಅಪರಾಧ ಬೇರೆ, ಇಲ್ಲಿನ ದೂರು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನಾವು ಮೂಢರಲ್ಲ. ನೋಡಬೇಕಾದದ್ದು ಮಂದಿಯ ನಡತೆಯನ್ನು. ಅಲ್ಲಿಯ ಒಂದು ಸಂಗತಿಯನ್ನು ಮರೆಮಾಚಿದರೆ ನಮ್ಮದೂ ಅನ್ಯಾಯವಾದೀತು. ವ್ಯಾನು ಉರುಳಿಸಿದ ಎರಡೇ ದಿನಕ್ಕೆ ಅದೇ ವಿಶ್ವವಿದ್ಯಾಲಯದ ಸಾವಿರಾರು ವಿದ್ಯಾರ್ಥಿಗಳು ಮೇಣದ ಬತ್ತಿ ಹಿಡಿದು ಆ ಹುಡುಗರಿಗಾಗಿ ನಿಂತರು. ಮೊದಲ ದಿನ ಬೀದಿಗಿಳಿದವರಲ್ಲಿ ಕೆಲವರಾದರೂ ಎರಡನೇ ಸಲವೂ ಬಂದಿರಬೇಕು ಎಂದು ನಮ್ಮ ನಂಬಿಕೆ. ಹಾಕಿದ ಸಹಿಯನ್ನು ವಾಪಸ್ ತೆಗೆಯಬಹುದು, ಗೆಳೆಯರೇ. ಒಂದು ಗೆರೆ ಎಳೆದರೆ ಆಯಿತು.

"ದೂರು ಸುಳ್ಳಾಗಿದ್ದರೆ?" ಎಂದು ಕೇಳುತ್ತಾರೆ. ಸುಳ್ಳಾಗಿದ್ದರೆ ವಿಚಾರಣೆಯಲ್ಲಿ ಸುಳ್ಳೆಂದು ತಿಳಿಯಲಿ. ಭತ್ಯೆಯ ಪುಸ್ತಕ ತೆಗೆದು ನೋಡಿದರೆ ಅರ್ಧ ಸತ್ಯ ಅಲ್ಲೇ ಇದೆ. ಸರ್ ತಪ್ಪು ಮಾಡಿಲ್ಲ ಎಂದು ನಂಬಿದವರು "ಬೇಗ ವಿಚಾರಣೆ ಮಾಡಿರಿ" ಎಂದು ಬರೆಯಬೇಕಾಗಿತ್ತು. ಈ ಕಾಗದ ಕೇಳುತ್ತಿರುವುದು ಹುಡುಗನನ್ನು ಕಾಲೇಜಿನಿಂದ ತೆಗೆಯಿರಿ ಎಂದು. ವಿಚಾರಣೆಗೆ ಹೆದರುವವರು ಬರೆಯುವ ಕಾಗದ ಇದು.

ಜೊತೆಗಾರರಿಗೆ ಇನ್ನೊಂದು ಮಾತು. ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ ಹೆಸರು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಚಮ್ಮಾರರ ಮನೆಯ ಹುಡುಗ. ಪುಣೆಯಲ್ಲಿ ಬಿಳಿಯರ ಮೈದಾನ ನೋಡಿಕೊಳ್ಳುತ್ತಾ ಬೌಲಿಂಗ್ ಕಲಿತ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ತೆಗೆದ. ಅವನ ಕೈಯ ಚೆಂಡು ಹಿಂದೂ ತಂಡಕ್ಕೆ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಕುಡಿಕೆಯಲ್ಲಿ. ಎಷ್ಟು ಗೆಲ್ಲಿಸಿದರೂ ನಾಯಕನ ಪಟ್ಟ ಕೊಡಲಿಲ್ಲ. 1920ರಲ್ಲಿ ಅವನನ್ನು ತಂಡದಿಂದಲೇ ಕೈಬಿಟ್ಟು, ನಾಯಕತ್ವವನ್ನು ಬೇರೆ ಕಡೆ ದಾಟಿಸಿದಾಗ ಅವನ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಆಡುವುದಿಲ್ಲ ಎಂದು ತಂಡದಿಂದ ಹೊರಬಂದರು. ಅವರಿಬ್ಬರೂ ಆ ಕಾಲದ ಒಳ್ಳೇ ಬ್ಯಾಟುಗಾರರು. ಅವರಿಲ್ಲದೆ ತಂಡ ನಡೆಯುವಂತಿರಲಿಲ್ಲ. ಜಿಮಖಾನಾದವರು ತಗ್ಗಿದರು, ಬಾಳೂವನ್ನು ಉಪನಾಯಕನಾಗಿ ವಾಪಸ್ ಕರೆದರು. ಮೂರು ವರ್ಷ ಬಿಟ್ಟು 1923ರಲ್ಲಿ ಅದೇ ವಿಠ್ಠಲ ಆ ತಂಡದ ನಾಯಕನಾದ. ಆಡದೆ ಹೊರಗೆ ನಿಂತವನು.

ನಮ್ಮ ಹುಡುಗ ಈಗ ಒಬ್ಬನೇ ಉಣ್ಣುತ್ತಿದ್ದಾನೆ. ಊರಿಗೆ ಹೋದರೆ ಅವನ ಅವ್ವ, "ಯಾಕಪ್ಪಾ, ದೊಡ್ಡವರ ಗೊಡವಿ ನಮಗ್ಯಾಕ ಬೇಕಾಗಿತ್ತು?" ಅನ್ನುತ್ತಾಳಂತೆ. ಅವಳ ಹೆದರಿಕೆ ನಮಗೆ ಅರ್ಥವಾಗುತ್ತದೆ. ನಾವು ಹೆದರುವುದು ಬೇಡ.

ಬರುವ ಸೋಮವಾರ ಹನ್ನೊಂದು ಗಂಟೆಗೆ ಪ್ರಿನ್ಸಿಪಾಲರು ಅವನನ್ನು ಕರೆದಿದ್ದಾರೆ. ಒಬ್ಬನೇ ಬರಬೇಕಂತೆ, ಮೌಖಿಕವಾಗಿ ಹೇಳಬೇಕಂತೆ. ಒಬ್ಬನನ್ನೇ ನಾವು ಕಳಿಸುವುದಿಲ್ಲ, ಹೇಳಿದ್ದನ್ನೆಲ್ಲ ಬರಹದಲ್ಲಿ ಕೊಟ್ಟು ಸಹಿ, ಸಿಕ್ಕಾ ಪಡೆದೇ ಬರುತ್ತೇವೆ. ಗುಳಿಗೆ ನುಂಗಿದವರು, ಖಾಲಿ ಹಾಳೆಗೆ ಸಹಿ ಹಾಕಿದವರು ಇನ್ನೂ ಇದ್ದಾರೆ. ಯಾರ ಹತ್ತಿರವಾದರೂ ಆ ಪೊಟ್ಟಣ ಉಳಿದಿದ್ದರೆ ಬಿಸಾಡಬೇಡಿ, ತನ್ನಿ. ಸಾಲಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ನಾವು ಹೊರಡುತ್ತೇವೆ. ಬಸ್ಸಿನ ಚಾರ್ಜು ಇಲ್ಲದವರು ಮೊದಲೇ ಹೇಳಿ, ಈ ಪತ್ರಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ಇದೆ.