ಬಾಡಿಗೆ ವಸೂಲಾದರಷ್ಟೇ ಆಸ್ತಿ ಉಳಿಯದು

ಊರು ಬಿಟ್ಟು ಪುಣೆಗೆ ಬಂದ ಕನ್ನಡಿಗರಲ್ಲಿ ಹೋಟೆಲಿನಲ್ಲಿ ದುಡಿದವರಿರಲಿ, ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆಗಳಲ್ಲಿ ಪಾಳಿ ಮಾಡಿದವರಿರಲಿ, ಕಚೇರಿಯಲ್ಲಿ ನಿವೃತ್ತರಾದವರಿರಲಿ, ಹೆಚ್ಚಿನವರ ಜೀವಮಾನದ ಗಳಿಕೆ ಒಂದು ಫ್ಲ್ಯಾಟಿನಲ್ಲಿದೆ. ಕೆಲವರಿಗೆ ಬಾಡಿಗೆಗೆ ಕೊಟ್ಟ ಎರಡನೆಯ ಫ್ಲ್ಯಾಟೂ ಉಂಟು. ಆದರೆ ಈ ಆಸ್ತಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ‘ಸೊಸೈಟಿಗೆ ಮ್ಯಾನೇಜರ್ ಇದ್ದಾನೆ, ಬಾಡಿಗೆಗೆ ಏಜೆಂಟ್ ಇದ್ದಾನೆ’ ಎಂಬ ಉತ್ತರ ಬರುತ್ತದೆ. ಇಲ್ಲಿಯೇ ತಪ್ಪಾಗುತ್ತಿದೆ.

ಆಸ್ತಿಯ ವ್ಯವಹಾರದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ನೀರಿನ ಟ್ಯಾಂಕರ್ ತರಿಸುವುದು, ಲಿಫ್ಟ್ ರಿಪೇರಿ, ವಾಚ್‌ಮನ್ ಸಂಬಳ, ಮೇಂಟೆನೆನ್ಸ್ ವಸೂಲಿ, ಬಾಡಿಗೆದಾರರ ದೂರು ಇವೆಲ್ಲ ಪ್ರಾಪರ್ಟಿ ಮ್ಯಾನೇಜರ್ ಕೆಲಸ. ಈ ಕಟ್ಟಡ ಇನ್ನು ಎಷ್ಟು ವರ್ಷ ಬಾಳುತ್ತದೆ, ಜಾಗ ಯಾರ ಹೆಸರಿನಲ್ಲಿದೆ, ನಿಧಿ ಎಲ್ಲಿ ಬೆಳೆಯುತ್ತಿದೆ, ಇಟ್ಟುಕೊಳ್ಳಬೇಕೇ ಮಾರಬೇಕೇ ಎಂದು ಯೋಚಿಸುವುದು ಅಸೆಟ್ ಮ್ಯಾನೇಜರ್ ಕೆಲಸ. ಮೊದಲನೆಯವನು ಈ ತಿಂಗಳನ್ನು ನೋಡುತ್ತಾನೆ, ಎರಡನೆಯವನು ಮುಂದಿನ ಇಪ್ಪತ್ತು ವರ್ಷವನ್ನು ನೋಡುತ್ತಾನೆ.

ದೊಡ್ಡ ಹಣದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಸೆಬಿ 2014ರಲ್ಲಿ ರೀಟ್ ನಿಯಮಗಳನ್ನು ತಂದಿತು. 2019ರ ಏಪ್ರಿಲ್‌ನಲ್ಲಿ ದೇಶದ ಮೊದಲ ರೀಟ್ ಆಗಿ ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್ ಶೇರುಪೇಟೆಗೆ ಬಂದಾಗ ಹಿಂಜವಡಿಯ ಕಚೇರಿ ಕಟ್ಟಡಗಳೂ ಅದರಲ್ಲಿದ್ದವು. ಅಲ್ಲಿ ಯಾವ ಕಟ್ಟಡ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವವರು ಬೇರೆ, ಕಟ್ಟಡ ಗುಡಿಸಿ ದೀಪ ಹಚ್ಚುವವರು ಬೇರೆ. ಮಧ್ಯಮ ವರ್ಗದವರ ಸೊಸೈಟಿಯಲ್ಲಿ ಮಾತ್ರ ಗುಡಿಸುವ ವ್ಯವಸ್ಥೆ ಇದೆ, ನಿರ್ಧರಿಸುವವರಿಲ್ಲ.

ಮೊದಲು ಜಾಗದ ವಿಷಯ ನೋಡೋಣ. ಮಹಾರಾಷ್ಟ್ರದ 1963ರ ಮೋಫಾ ಕಾಯ್ದೆಯ ಪ್ರಕಾರ ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳಲ್ಲಿ ಬಿಲ್ಡರ್ ಜಾಗವನ್ನು ಸೊಸೈಟಿಗೆ ಬರೆದುಕೊಡಬೇಕಿತ್ತು. ಅನೇಕರು ಕೊಡಲಿಲ್ಲ. ಆದ್ದರಿಂದಲೇ 2008ರ ತಿದ್ದುಪಡಿಯಲ್ಲಿ ಡೀಮ್ಡ್ ಕನ್ವೇಯನ್ಸ್ ಬಂತು. ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿಯು ಜಿಲ್ಲಾ ಉಪ ನಿಬಂಧಕರಿಗೆ ಅರ್ಜಿ ಹಾಕಿ ಹಕ್ಕು ಪಡೆಯಬಹುದು. ಇಷ್ಟಾದರೂ ಹಳೆಯ ಸೊಸೈಟಿಗಳಲ್ಲಿ ಈ ಕಡತ ಕಪಾಟಿನಲ್ಲೇ ಉಳಿದಿರುವುದುಂಟು. ಕಾರಣ ಸರಳ. ಅದು ಮ್ಯಾನೇಜರನ ಕೆಲಸವಲ್ಲ, ಬೇರೆ ಯಾರಿಗೂ ಅದನ್ನು ವಹಿಸಿಲ್ಲ. ಕಟ್ಟಡ ಹಳತಾಗಿ ರೀಡೆವಲಪ್‌ಮೆಂಟ್ ಮಾತು ಬಂದಾಗಲೇ ಜಾಗ ಇನ್ನೂ ಬಿಲ್ಡರ್ ಹೆಸರಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ಮಂಡಿ ನೋವಿನೊಂದಿಗೆ ಹೊಸ ಮನೆಗಾಗಿ ಕಾಯುವ ಹಿರಿಯರಿಗೆ ಆ ವಿಳಂಬದ ಬೆಲೆ ತಿಳಿದಿದೆ.

ಎರಡನೆಯದು ನಿಧಿಯ ವಿಷಯ. ಮಾದರಿ ಉಪವಿಧಿಗಳ ಪ್ರಕಾರ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.25ರಷ್ಟು ಸಿಂಕಿಂಗ್ ಫಂಡಿಗೆ, ಶೇ. 0.75ರಷ್ಟು ದುರಸ್ತಿ ನಿಧಿಗೆ ಪ್ರತಿವರ್ಷ ಸಂಗ್ರಹವಾಗಬೇಕು. ಒಂದು ಕೋಟಿ ರೂ. ವೆಚ್ಚದ, 20 ಫ್ಲ್ಯಾಟುಗಳ ಕಟ್ಟಡವೆಂದಿಟ್ಟುಕೊಳ್ಳೋಣ. ಸಿಂಕಿಂಗ್ ಫಂಡ್ ವರ್ಷಕ್ಕೆ 25,000 ರೂ., ಅಂದರೆ ಫ್ಲ್ಯಾಟಿಗೆ ತಿಂಗಳಿಗೆ ಸುಮಾರು 104 ರೂ. ಮಾತ್ರ. ಇದೇ ಹಣ ಶೇ. 7ರ ಠೇವಣಿಯಲ್ಲಿ ಚಕ್ರಬಡ್ಡಿಯಾಗಿ ಬೆಳೆದರೆ 30 ವರ್ಷಕ್ಕೆ ಸುಮಾರು 23.6 ಲಕ್ಷ ರೂ. ಆಗುತ್ತದೆ. ಶೇ. 3ರ ಉಳಿತಾಯ ಖಾತೆಯಲ್ಲಿ ಬಿದ್ದಿದ್ದರೆ 12 ಲಕ್ಷವೂ ಆಗದು. ವಸೂಲಿ ಮಾಡಿದವನು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಾನೆ. ಹಣ ಎಲ್ಲಿಡಬೇಕು ಎಂದು ಕೇಳುವವರಿಲ್ಲದ್ದರಿಂದ ಅರ್ಧ ಸೋರಿಹೋಯಿತು.

ಬಾಡಿಗೆ ಫ್ಲ್ಯಾಟಿನ ಕತೆಯೂ ಇದೇ. ಏಜೆಂಟ್ ಬಾಡಿಗೆದಾರರನ್ನು ತಂದು, ಕಮಿಷನ್ ಪಡೆದು ಹೋಗುತ್ತಾನೆ. ಆದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಆಂಡ್ ಲೈಸೆನ್ಸ್ ಕರಾರನ್ನು ನೋಂದಣಿ ಮಾಡಿಸುವುದು ಮಾಲೀಕನ ಹೊಣೆ. ನೋಂದಣಿ ಇಲ್ಲದಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ ಕರಾರಿನ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಸ್ವಂತ ವಾಸದ ಮನೆಗೆ ಪುಣೆ ಮಹಾನಗರ ಪಾಲಿಕೆ ಕೊಡುವ ಶೇ. 40ರ ತೆರಿಗೆ ರಿಯಾಯಿತಿ ಬಾಡಿಗೆ ಮನೆಗಿಲ್ಲ. ಬಾಡಿಗೆಗೆ ಕೊಟ್ಟ ಮನೆಗೆ ಸೊಸೈಟಿ ಪಡೆಯುವ ನಾನ್ ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ ಎಂದು ಸರಕಾರ 2001ರಲ್ಲೇ ಆದೇಶಿಸಿದೆ. ಇದನ್ನೆಲ್ಲ ಲೆಕ್ಕ ಹಾಕಿ, ಕೈಗೆ ಉಳಿಯುವುದೆಷ್ಟು ಎಂದು ನೋಡಬೇಕಾದವನು ಮಾಲೀಕನೇ. ತಿಂಗಳ ಬಾಡಿಗೆಯನ್ನೇ ಲಾಭವೆಂದು ತಿಳಿದರೆ ಮೋಸ ಹೋದಂತೆ.

ಪುಣೆಯಲ್ಲಿ ಸ್ವಂತ ಕಟ್ಟಡವಿರುವ ಸಂಘ-ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸಭಾಗೃಹದ ಬುಕಿಂಗ್ ನೋಡಿಕೊಳ್ಳಲು ಜನವಿದ್ದಾರೆ. ಹಿರಿಯರು ದೇಣಿಗೆ ಎತ್ತಿ ಕಟ್ಟಿದ ಆ ಕಟ್ಟಡದ ಮುಂದಿನ ತಲೆಮಾರಿನ ಬಗ್ಗೆ ಪ್ರತಿ ಕಾರ್ಯಕಾರಿ ಸಮಿತಿಯೂ ಯೋಚಿಸಬೇಕು.

ಸಮಿತಿಯವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ, ಅವರ ಮೇಲೆ ಇನ್ನಷ್ಟು ಹೊರೆ ಬೇಡ ಎಂಬ ವಾದವಿದೆ. ಅದು ನ್ಯಾಯವೇ. ಆದ್ದರಿಂದಲೇ ಈ ಕೆಲಸವನ್ನು ಮೂವರ ಬೇರೆ ಉಪಸಮಿತಿಗೆ ಕೊಡುವುದು ಉತ್ತಮ. ನಿವೃತ್ತ ಇಂಜಿನಿಯರು, ಬ್ಯಾಂಕಿನವರು, ವಕೀಲರು ಇಲ್ಲದ ಸೊಸೈಟಿ ಪುಣೆಯಲ್ಲಿ ವಿರಳ. ಮನೆಯ ಜಾತಕ ಬರೆದಿಡುವುದಕ್ಕೆ ವರ್ಷಕ್ಕೆ ನಾಲ್ಕು ಸಭೆ ಸಾಕು.

ಇದರಲ್ಲಿ ನಮ್ಮವರ ಪಾಲೂ ಇರಬೇಕು. ಸಭೆ ಮರಾಠಿಯಲ್ಲಿ ನಡೆಯುತ್ತದೆ, ನಮಗೇಕೆ ಉಸಾಬರಿ ಎಂದು ಹಿಂದಿನ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದು ಬರುವ ಕನ್ನಡಿಗರು ಕಡಿಮೆಯಿಲ್ಲ. ಸಹಕಾರದ ವಿಷಯದಲ್ಲಿ ನಾವು ಹಿಂದೆ ಕೂರಬೇಕಾದವರಲ್ಲ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಹಳೆಯ ಗೃಹ ಸಹಕಾರ ಸಂಘಗಳಲ್ಲೊಂದಾದ ಮುಂಬಯಿ ಗಾಮ್‌ದೇವಿಯ ಸಾರಸ್ವತ ಸಂಘವನ್ನು 1915ರಲ್ಲಿ ಕಟ್ಟಿದವರು ಉತ್ತರ ಕನ್ನಡದ ಶಿರಾಲಿ ಮಠದ ಸಮಾಜದವರು.

ಸೊಸೈಟಿಯ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕೆಂಬುದು ನಿಯಮ. ಈ ಸಲ ಪ್ರತಿಯೊಬ್ಬ ಕನ್ನಡಿಗ ಸದಸ್ಯರೂ ಎದ್ದು ನಿಂತು ಮೂರು ಪ್ರಶ್ನೆ ಕೇಳಲಿ. ಕನ್ವೇಯನ್ಸ್ ಆಗಿದೆಯೇ? ಸಿಂಕಿಂಗ್ ಫಂಡ್ ಎಷ್ಟಿದೆ, ಎಲ್ಲಿದೆ? ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ಕೊನೆಯ ಬಾರಿ ಯಾವಾಗ ನಡೆಯಿತು? ಹರಕು ಮುರುಕು ಮರಾಠಿಯಾದರೂ ಅಡ್ಡಿಯಿಲ್ಲ. ಉತ್ತರ ಸಿಗದಿದ್ದರೆ ಆ ಕಟ್ಟಡಕ್ಕೆ ಮ್ಯಾನೇಜರ್ ಇದ್ದಾನೆ, ಯಜಮಾನನಿಲ್ಲ ಎಂದೇ ಅರ್ಥ.