ಇಂಧನ ಬದಲಾಯಿತು, ಎಂಜಿನ್ನೂ ಬದಲಾಗಲಿ

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ದೇಶದ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಅದೇ. ಮೈಲೇಜ್ ಇಳಿದಿದೆ ಎಂಬ ಕಾರು ಮಾಲೀಕರ ದೂರಿನಲ್ಲಿ ಹುರುಳಿದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲ್‌ನಲ್ಲಿರುವುದರ ಮೂರನೇ ಎರಡು ಭಾಗ ಮಾತ್ರ. ಹಾಗಾಗಿ ಮಿಶ್ರಣದ ಪ್ರತಿ ಲೀಟರ್‌ನಲ್ಲಿ ಸುಮಾರು ಶೇ 7ರಷ್ಟು ಶಕ್ತಿ ಖೋತಾ. ಆದರೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣವನ್ನು ಅಳೆಯುವ ಆಕ್ಟೇನ್ ಸಂಖ್ಯೆ ಎಥೆನಾಲ್‌ನಲ್ಲಿ ಸುಮಾರು 108. ಅದು ಬೆರೆತಾಗ 91ರ ಪೆಟ್ರೋಲ್ 95ರ ಆಸುಪಾಸಿಗೆ ಏರುತ್ತದೆ. ನಷ್ಟ ಎಲ್ಲರ ಪಾಲಿಗೂ ಬಂದಿದೆ, ಲಾಭ ಮಾತ್ರ ಬಳಕೆಯಾಗದೆ ಉಳಿದಿದೆ. ಅದನ್ನು ದಕ್ಕಿಸಿಕೊಳ್ಳಬೇಕಾದುದು ಎಂಜಿನ್ ವಿನ್ಯಾಸದಲ್ಲಿ.

ಆ ವಿನ್ಯಾಸದ ಕೀಲಿ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರ್‌ನೊಳಗಿನ ಗಾಳಿ–ಇಂಧನದ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಎಂಬುದು. ಅದು ಹೆಚ್ಚಿದಷ್ಟೂ ಉರಿದ ಅನಿಲ ಹೆಚ್ಚು ಪಟ್ಟು ಹಿಗ್ಗುತ್ತ ಪಿಸ್ಟನ್ನನ್ನು ತಳ್ಳುತ್ತದೆ, ಸೈಲೆನ್ಸರ್ ದಾರಿಯಲ್ಲಿ ವ್ಯರ್ಥವಾಗುವ ಶಾಖ ಕಡಿಮೆಯಾಗುತ್ತದೆ. ಅದೇ ಹನಿ ಇಂಧನದಿಂದ ಪಿಕಪ್ಪೂ ಹೆಚ್ಚು, ಮೈಲೇಜೂ ಹೆಚ್ಚು. ಅನುಪಾತ 10ರಿಂದ 13ಕ್ಕೇರಿದರೆ ಆದರ್ಶ ಲೆಕ್ಕದಲ್ಲಿ ದಕ್ಷತೆ ಶೇ 60ರಿಂದ 64ಕ್ಕೆ ಹೋಗುತ್ತದೆ. ಘರ್ಷಣೆ, ಶಾಖನಷ್ಟ ಕಳೆದರೆ ನಿಜವಾದ ಗಳಿಕೆ ಇನ್ನೂ ಕಡಿಮೆಯೇ. ಆದರೂ ಎಥೆನಾಲ್ ಕಸಿದುಕೊಂಡದ್ದರಲ್ಲಿ ದೊಡ್ಡ ಪಾಲು ಹಿಂದಿರುಗುತ್ತದೆ. ಅನುಪಾತ ಏರಿಸಲು ಅಡ್ಡಿಯಾಗಿದ್ದುದು ನಾಕಿಂಗ್, ಅಂದರೆ ಸ್ಪಾರ್ಕ್‌ನ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು. ಹೆಚ್ಚಿನ ಆಕ್ಟೇನ್ ಆ ಅಡ್ಡಿಯನ್ನೇ ಸಡಿಲಿಸುತ್ತದೆ. ಯುರೋಪಿನ 95 ಆಕ್ಟೇನ್ ಪೆಟ್ರೋಲ್‌ಗೆಂದು ಮಜ್ದಾ 2012ರಲ್ಲಿ ತಂದ ಸಿಎಕ್ಸ್-5 ಕಾರಿನ ಎಂಜಿನ್‌ನಲ್ಲಿ ಈ ಅನುಪಾತ 14 ಇತ್ತು. ನಮ್ಮ ನೀತಿ ಆಯೋಗದ 2021ರ ಮಾರ್ಗಸೂಚಿಯೂ ಇದೇ ದಿಕ್ಕು ತೋರಿಸುತ್ತದೆ: ಶುದ್ಧ ಪೆಟ್ರೋಲ್‌ಗೆ ರೂಪಿಸಿದ ಕಾರಿನಲ್ಲಿ ಮೈಲೇಜ್ ನಷ್ಟ ಶೇ 6–7, ಎಥೆನಾಲ್‌ಗೆ ಒಗ್ಗುವಂತೆ ರೂಪಿಸಿ, ಹೊಸ ಮಿಶ್ರಣಕ್ಕೆ ಹೊಂದಿಸಿದರೆ ಶೇ 1–2.

ಸಣ್ಣ ಟರ್ಬೊ ಎಂಜಿನ್ ಸಾಲದೇ ಎಂದು ಕೇಳುವವರಿದ್ದಾರೆ. ಟರ್ಬೊ ಶಕ್ತಿ ಕೊಡುತ್ತದೆ, ನಿಜ. ಆದರೆ ಒತ್ತಿ ತುಂಬಿದ ಗಾಳಿ ನಾಕಿಂಗನ್ನು ಹೆಚ್ಚಿಸುವುದರಿಂದ ಅಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅನುಪಾತವನ್ನು ತಗ್ಗಿಸಬೇಕಾಗುತ್ತದೆ. ಅಲ್ಲಿಯೂ ಹೆಚ್ಚಿನ ಆಕ್ಟೇನ್ ನೆರವಿಗೆ ಬರುತ್ತದೆ. ಹಳೆಯ ಕಾರುಗಳ ಗತಿಯೇನು ಎಂಬ ಪ್ರಶ್ನೆ ಹೆಚ್ಚು ಗಂಭೀರ. ಅವುಗಳಿಗೆ ಈ ವಿನ್ಯಾಸದಿಂದ ಉಪಯೋಗವಿಲ್ಲ. ಅವುಗಳ ಮಾಲೀಕರಿಗೆ ಕಡಿಮೆ ಎಥೆನಾಲ್‌ನ ಆಯ್ಕೆಯೋ ಬೆಲೆಯಲ್ಲಿ ರಿಯಾಯಿತಿಯೋ ಸಿಗುವುದು ನ್ಯಾಯ. ವಿದ್ಯುತ್ ಕಾರು ಬರುತ್ತಿರುವಾಗ ಇದೆಲ್ಲ ಏಕೆ ಎನ್ನುವ ವಾದವೂ ನಿಲ್ಲದು. ಇಂದು ಮಾರಾಟವಾಗುವ ಪೆಟ್ರೋಲ್ ಕಾರು ಇನ್ನೂ ಹತ್ತು–ಹದಿನೈದು ವರ್ಷ ರಸ್ತೆಯಲ್ಲಿರುತ್ತದೆ. ಅಷ್ಟೂ ಕಾಲ ಪೋಲಾಗುವ ಇಂಧನಕ್ಕೆ ಹಣ ತೆರುವವರು ನಾವೇ.

ಆದ್ದರಿಂದ ಸರ್ಕಾರ ಮಿಶ್ರಣದ ಪ್ರಮಾಣವನ್ನಷ್ಟೇ ಸಾಧನೆಯೆಂದು ಎಣಿಸಬಾರದು. ಪ್ರತಿ ಬಂಕ್‌ನಲ್ಲೂ 95 ಆಕ್ಟೇನ್‌ನ ಖಾತರಿ ಇರಲಿ, ಆಗ ತಯಾರಕರು ಧೈರ್ಯವಾಗಿ ಅನುಪಾತ ಏರಿಸಬಲ್ಲರು. ಹೊಸ ಕಾರಿನ ಮೈಲೇಜನ್ನು ಇದೇ ಮಿಶ್ರಣದಲ್ಲಿ ಅಳೆದು ಪ್ರಕಟಿಸುವುದು ಕಡ್ಡಾಯವಾಗಲಿ, ಆಗ ಕೊಳ್ಳುವವರು ಅಂಕಿ ನೋಡಿ ಆರಿಸಬಲ್ಲರು. ಎಥೆನಾಲ್ ನೀತಿಯ ಹೊರೆ ಹೊತ್ತ ಗ್ರಾಹಕರಿಗೆ ಅದರ ಲಾಭವೂ ಸಲ್ಲಬೇಕು.